ಪಕ್ಕದ ಮನೆ ಗೋಡೆ

ಮೊನ್ನೆ ಭಾನುವಾರ ಬೆಳಗ್ಗೆ ಏಳು ಗಂಟೆಗೆಲ್ಲ ಪಾಂಡಿಚೇರಿಯಿಂದ ಮೇಸ್ತ್ರಿ ಫೋನ್ ಮಾಡಿದ್ರು, "ಸಾರ್, ಪಕ್ಕದ ಮನೆ ಒಡೀತಿದಾರೆ, ನೀವು ಬಂದ್ರೆ ಒಳ್ಳೇದು" ಅಂದ್ರು, ಅಷ್ಟೇ. ಕಾಫಿನೂ ಕುಡೀದೆ ಭಾವನ್ನ ಎಬ್ಬಿಸ್ಕೊಂಡು ಕಾರ್ ಹತ್ತಿದೆ. ಬೆಂಗಳೂರಿಂದ 300 ಚಿಲ್ಲರೆ ಕಿಲೋಮೀಟರ್ ಅಲ್ವಾ, ಕೃಷ್ಣಗಿರಿ, ತಿರುವಣ್ಣಾಮಲೈ, ಟಿಂಡಿವನಂ ಅಂತ ದಾಟಿ ನಮ್ಮ ಬೀದಿಗೆ ತಿರುಗೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು.

ತಿರುಗಿದ ತಕ್ಷಣ ಆಕಾಶ ಕಾಣಿಸ್ತು. ಆ ಬೀದೀಲಿ ಆ ಜಾಗದಲ್ಲಿ ಆಕಾಶ ಕಾಣಬಾರ್ದು, ಅಲ್ಲಿ ಒಂದು ಹೆಂಚಿನ ಮಾಡು ಇರ್ಬೇಕು, ಅದರ ಕೆಳಗೆ ಎರಡು ಮರದ ಕಂಬ, ಕಂಬದ ಹಿಂದೆ ಜಗಲಿ, ಜಗಲಿ ಮೇಲೆ ಯಾವಾಗ್ಲೂ ಪೇಪರ್ ಓದ್ತಾ ಕೂತಿರೋ ಒಬ್ರು ತಾತ. ತಾತ ಹೋಗಿ ಎರಡು ವರ್ಷ ಆಗಿತ್ತು, ಈಗ ಜಗಲಿನೂ ಹೋಯ್ತು.

ನಮ್ಮ ಮನೆ ಪಕ್ಕದ ಗೋಡೆ ಪೂರ್ತಿ ಬತ್ತಲೆ ನಿಂತಿತ್ತು. ಈ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರೋವು, ಎರಡು ಮನೆ ಮಧ್ಯ ಒಂದೇ ಗೋಡೆ, ಅವರ ತೊಲೆನೂ ಅದೇ ಗೋಡೆ ಮೇಲೆ ಕೂತಿರುತ್ತೆ ನಮ್ಮ ತೊಲೆನೂ ಅದೇ ಗೋಡೆ ಮೇಲೆ. ಆ ಗೋಡೆ ಮೇಲೆ ಅವರ ಅಡಿಗೆಮನೆ ಹಾಗೇ ಉಳ್ಕೊಂಡಿತ್ತು. ಒಲೆ ಇದ್ದ ಕಡೆ ಆಳೆತ್ತರಕ್ಕೆ ಮಸಿ, ಪಕ್ಕದಲ್ಲಿ ದೀಪ ಇಡೋ ಗೂಡು, ಗೂಡಿನ ಸುತ್ತ ಕುಂಕುಮದ ಗುರುತು, ಕ್ಯಾಲೆಂಡರ್ ನೇತಾಕೋ ಮೊಳೆ ಇನ್ನೂ ಹಾಗೇ ಇತ್ತು, ಮೇಲುಗಡೆ ತೊಲೆ ಕಿತ್ತ ಜಾಗದಲ್ಲಿ ಸಾಲಾಗಿ ಐದು ತೂತು. ಒಂದು ತೂತಿನ ಕೆಳಗಿಂದ ಹೊಸ ಬಿರುಕು ಬಿಟ್ಟಿತ್ತು, ಒಳಗಡೆ ಹೋಗಿ ನೋಡಿದ್ರೆ ಅದು ನಮ್ಮ ರೂಮಿನ ತನಕ ಬಂದಿದೆ. ಮೇಸ್ತ್ರಿ ಆಗಲೇ ಅದರ ಮೇಲೆ ಮೂರು ಕಡೆ ಚಿಕ್ಕ ಗಾಜಿನ ಚೂರು ಅಂಟಿಸಿ ತಾರೀಖು ಬರೆದಿದ್ರು. ಗಾಜು ಒಡೆದ್ರೆ ಗೋಡೆ ಇನ್ನೂ ಅಲ್ಲಾಡ್ತಿದೆ ಅಂತ ಅರ್ಥ.

ಇದನ್ನ ಯಾಕೆ ಮೊದಲಿಗೇ ಹೇಳ್ತಿದೀನಿ ಅಂದ್ರೆ, ಕಳೆದ ಎರಡು ಮೂರು ವರ್ಷದಲ್ಲಿ ಎಷ್ಟೋ ಜನ ಫ್ರೆಂಡ್ಸು, ಆಫೀಸಿನವರು, ನೆಂಟರು ಎಲ್ಲ ಕೇಳ್ತಾನೇ ಇದಾರೆ, "ಪಾಂಡೀಲಿ ಹಳೇ ಮನೆ ತಗೊಂಡ್ರಂತೆ, ಹೇಗೆ, ವರ್ಕೌಟ್ ಆಗುತ್ತಾ, ನಾವೂ ಹಾಕಬಹುದಾ ದುಡ್ಡು" ಅಂತ. ಪ್ರತಿಯೊಬ್ಬರಿಗೂ ಫೋನಲ್ಲಿ ಅರ್ಧ ಅರ್ಧ ಹೇಳಿದೀನಿ, ಇಲ್ಲಿ ಒಂದ್ಸಲ ಪೂರ್ತಿ ಬರೀತೀನಿ.

ನಾವು ಕೊಂಡಿಲ್ಲ, ಲೀಸ್. ಅಕ್ಕ ಭಾವ ನಾನು ನನ್ನ ಹೆಂಡತಿ ನಾಲ್ಕು ಜನ ಸೇರಿ 2021ರ ಕೊನೇಲಿ 20 ವರ್ಷಕ್ಕೆ ರಿಜಿಸ್ಟರ್ಡ್ ಲೀಸ್ ಮಾಡ್ಕೊಂಡ್ವಿ, ರಿಪೇರಿ ಮಾಡಿ ಗೆಸ್ಟ್‌ಹೌಸ್ ನಡೆಸೋಕೆ. ಮನೆ ಇರೋದು ಕಾಲುವೆ ಆಚೆ ತಮಿಳರ ಕಡೆ, ಎಲ್ಲರೂ ಫೋಟೋ ತೆಗೆಸ್ಕೊಳ್ಳೋ ಹಳದಿ ಗೋಡೆ ಬೋಗನ್‌ವಿಲ್ಲಾ ಇರೋ ವೈಟ್ ಟೌನಲ್ಲಿ ಅಲ್ಲ. ಪಾಂಡಿಗೆ ಹೋಗಿರೋರು ಬಹಳ ಜನ ಈ ಕಾಲುವೆ ಗಮನಿಸಿರಲ್ಲ, ಈಗ ಅದು ದೊಡ್ಡ ಮೋರಿ ಥರ ಇದೆ ಅಷ್ಟೇ, ಆದ್ರೆ ಊರನ್ನ ಎರಡು ಭಾಗ ಮಾಡಿರೋದೇ ಅದು. ಸಮುದ್ರದ ಕಡೆ ಫ್ರೆಂಚರು, ಈ ಕಡೆ ಊರಿನವರು. ನೇರ ನೇರ ಬೀದಿ ಹಾಕಿದ ಪ್ಲಾನ್ ಇದ್ಯಲ್ಲ, ಅದು ಡಚ್ಚರು ಊರನ್ನ ಹಿಡ್ಕೊಂಡಿದ್ದ ಆ ಕೆಲವು ವರ್ಷದಲ್ಲಿ, 1693ರಿಂದ 1699ರ ಮಧ್ಯ ಆಗಿದ್ದು. ಆಮೇಲೆ 1761ರಲ್ಲಿ ಇಂಗ್ಲಿಷರು ಗೆದ್ದು ಊರನ್ನ ನೆಲಸಮ ಮಾಡಿಬಿಟ್ರು, ಅದಕ್ಕೆ ಹಿಂದಿನ ವರ್ಷ ಫ್ರೆಂಚರ ಸಹಾಯಕ್ಕೆ ನಮ್ಮ ಹೈದರಾಲಿ ಸೈನ್ಯ ಕಳಿಸಿದ್ದನಂತೆ, ಉಪಯೋಗ ಆಗ್ಲಿಲ್ಲ. 1765ರಿಂದ ಮತ್ತೆ ಅದೇ ಹಳೇ ಬೀದಿ ಗೆರೆಗಳ ಮೇಲೇನೇ ಊರು ಎದ್ದು ನಿಂತಿತು. ಹಾಗಾಗಿ ಇವತ್ತು ನಾವು ನೋಡೋ ಮನೆಗಳು ಹೆಚ್ಚಿನಂಶ ಆಮೇಲಿನವು. ರಂಗಪಿಳ್ಳೆ ಬೀದೀಲಿರೋ ಆನಂದ ರಂಗಪಿಳ್ಳೆ ಮನೆ ಅದಕ್ಕೂ ಹಳೇದು. ಫ್ರೆಂಚ್ ಗವರ್ನರ್ ಡೂಪ್ಲೆ ಹತ್ರ ದುಭಾಷಿ ಆಗಿದ್ದವರು ಅವರು, 1736ರಿಂದ ದಿನಚರಿ ಬರೆದಿಟ್ಟಿದಾರೆ. ಮನೆ ನೋಡಿದ್ರೆ ಕೆಳಗೆ ಪೂರ್ತಿ ನಮ್ಮ ಥರ ಮರದ ಕಂಬ, ಮೇಲೆ ಫ್ರೆಂಚ್ ಥರ ಗಾರೆ ಕಂಬ. ನಮ್ಮ ಬೀದಿ ಮನೆಗಳೂ ಅದರ ಬಡ ತಮ್ಮಂದಿರ ಹಾಗೇ.

ನನಗೆ ಈ ಮನೆ ಯಾಕೆ ಹಿಡಿಸ್ತು ಅಂತ ಕೇಳಿದ್ರೆ ಬಸವನಗುಡಿ ಅಂತೀನಿ. ನಮ್ಮ ತಾತನ ಮನೆ ಅಲ್ಲಿತ್ತು, ಮದ್ರಾಸ್ ತಾರಸಿ, ಕೆಂಪು ರೆಡ್ ಆಕ್ಸೈಡ್ ನೆಲ, ಮುಂದೆ ಜಗಲಿ. 2009ರಲ್ಲಿ ಭಾಗ ಆಗಿ ಬಿಲ್ಡರಿಗೆ ಹೋಯ್ತು, ಆಗ ನಾನು ಆನ್‌ಸೈಟಲ್ಲಿದ್ದೆ, ಸೈನ್ ಮಾಡಿ ಸ್ಕ್ಯಾನ್ ಕಳಿಸಿದೆ, ವಾಪಸ್ ಬಂದಾಗ ಮನೆ ಇರ್ಲಿಲ್ಲ. ಪಾಂಡಿ ಮನೆ ಬಾಗಿಲಲ್ಲಿ ಮೊದಲನೇ ಸಲ ಕಾಲಿಟ್ಟಾಗ ತಲೆ ಎತ್ತಿ ಸೂರು ನೋಡಿದೆ, ಅದೇ ತೊಲೆ, ಅದೇ ಜಂತೆ, ಅದೇ ಓರೆಯಾಗಿ ಜೋಡಿಸಿರೋ ಸಣ್ಣ ಇಟ್ಟಿಗೆ. ನನ್ನ ಪಕ್ಕ ಅಕ್ಕ ನಿಂತಿದ್ಲು, ಅವಳು ಏನೂ ಮಾತಾಡ್ಲಿಲ್ಲ, ಕಣ್ಣೊರೆಸ್ಕೊಂಡ್ಲು.

ಆ ತಾರಸಿ ಬಗ್ಗೆ ಹೇಳ್ಲೇಬೇಕು. ನಮ್ಮಲ್ಲಿ ಹಳೇ ಬೆಂಗಳೂರಿನ ಮನೆಗಳಲ್ಲಿ ಬೆಳೆದೋರಿಗೂ ಅದನ್ನ ಹೇಗೆ ಕಟ್ತಾರೆ ಅಂತ ಗೊತ್ತಿರಲ್ಲ, ನನಗೂ ಗೊತ್ತಿರ್ಲಿಲ್ಲ. ಒಂದು ರೂಮಿನ ಸೂರು ಉಳಿಸೋಕಾಗಲ್ಲ ಅಂತ ಆಯ್ತು, ಪೂರ್ತಿ ಬಿಚ್ಚಿ ಹೊಸದಾಗಿ ಹಾಕಬೇಕಾಯ್ತು, ಆಗ ಒಂದು ವಾರ ಆಫೀಸಿಗೆ ರಜೆ ಹಾಕಿ ಅಲ್ಲೇ ಕೂತು ನೋಡಿದೆ. ತೊಲೆ ಮೇಲೆ ಒತ್ತೊತ್ತಾಗಿ ಜಂತೆ. ಜಂತೆ ಮೇಲೆ ಒಂದಿಂಚು ದಪ್ಪದ ಪುಟ್ಟ ಇಟ್ಟಿಗೆ, ಅದನ್ನ ಮಲಗಿಸಲ್ಲ, ಅಂಚಿನ ಮೇಲೆ ನಿಲ್ಲಿಸ್ತಾರೆ, ಒಂದು ಮೂಲೆಯಿಂದ ಶುರು ಮಾಡಿ ಓರೆಯಾಗಿ ಸಾಲು ಸಾಲು. ಕೆಳಗಡೆ ಶೀಟಿಲ್ಲ, ಹಲಗೆ ಇಲ್ಲ, ಸೆಂಟ್ರಿಂಗ್ ಅನ್ನೋ ಮಾತೇ ಇಲ್ಲ. ಮೇಸ್ತ್ರಿ ಇಟ್ಟಿಗೆಗೆ ಸುಣ್ಣದ ಗಾರೆ ಬಳಿದು ಹಿಂದಿನ ಇಟ್ಟಿಗೆಗೆ ಒತ್ತಿ ಹಿಡೀತಾರೆ, ಮನಸ್ಸಲ್ಲಿ ನಾಲ್ಕೈದು ಎಣಿಸೋ ಅಷ್ಟು ಹೊತ್ತು, ಕೈ ತೆಗೀತಾರೆ, ನಿಂತಿರುತ್ತೆ. ಮುಂದಿನದು. ಅದರ ಮೇಲೆ ಇಟ್ಟಿಗೆ ಜಲ್ಲಿ ಸುಣ್ಣ ಹಾಕಿ, ಅಳಲೆಕಾಯಿ ಬೆಲ್ಲ ನೆನೆಸಿದ ನೀರು ಚಿಮುಕಿಸ್ತಾ ಮರದ ಹಲಗೆಯಿಂದ ಬಡೀತಾರೆ, ಒಂದಿನ ಅಲ್ಲ, ದಿನಗಟ್ಟಲೆ, ಬಡಿದ್ರೆ ವಾಪಸ್ ಟಣ್ ಅನ್ನೋ ತನಕ. ಆಮೇಲೆ ಚಪ್ಪಟೆ ಹೆಂಚು. ಇಡೀ ಬೀದಿಗೆ ಆ ಬೆಲ್ಲದ ಹುಳಿ ವಾಸನೆ ಹಬ್ಬಿತ್ತು. ಅಳಲೆಕಾಯಿ ನಮ್ಮ ಅಜ್ಜಿ ಮಕ್ಕಳಿಗೆ ತೇಯ್ದು ನೆಕ್ಕಿಸೋರು, ಅದೇ ಕಾಯಿ ಮನೆ ಸೂರಿಗೂ ಹೋಗುತ್ತೆ ಅಂತ ನನಗೆ 44ನೇ ವಯಸ್ಸಲ್ಲಿ ಗೊತ್ತಾಯ್ತು.

ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕೈಬೆರಳೆಣಿಕೆ. ನಮ್ಮ ಮೇಸ್ತ್ರಿ ತಮ್ಮ ಮಾವನ ಹತ್ರ ಕಲಿತವರು, ಅವರ ಮಗ ಟೈಲ್ಸ್ ಕೆಲಸಕ್ಕೆ ಹೋಗ್ತಾನೆ, ಅದರಲ್ಲಿ ದಿನಾ ಕೆಲಸ ಸಿಗುತ್ತಲ್ಲ ಅಂತ. ನಾವು ಹಾಕೋ ದುಡ್ಡಲ್ಲಿ ದೊಡ್ಡ ಪಾಲು ಇಂಥವರ ಕೂಲಿಗೇ ಹೋಗುತ್ತೆ, ಸಾಮಾನಿಗೆ ಅಲ್ಲ, ಮತ್ತೆ ನನ್ನ ಪ್ರಕಾರ ಅದು ಸರಿಯಾದ ಜಾಗಕ್ಕೇ ಹೋದ ದುಡ್ಡು.

ದುಡ್ಡಿನ ವಿಷಯಕ್ಕೆ ಬರ್ತೀನಿ. ಮೊದಲನೇದು ಕಾಗದ ಪತ್ರ. ಮನೆ ನಮಗೆ ಲೀಸ್ ಕೊಟ್ಟ ಒಬ್ರು ಅಜ್ಜಿಯದು, ಗಂಡ ಇಲ್ಲ, ಮೂರು ಮಕ್ಕಳೂ ಫ್ರಾನ್ಸಲ್ಲಿ. ಪಾಂಡೀಲಿ ಇದು ಮನೆ ಮನೆ ಕಥೆ. 1954ರ ನವೆಂಬರ್ 1ಕ್ಕೆ ಊರು ನಮ್ಮ ಕೈಗೆ ಬಂತು, ಕಾನೂನು ಪ್ರಕಾರ ಪೂರ್ತಿ ಸೇರಿದ್ದು 1962ರ ಆಗಸ್ಟ್ 16, ಆಗ ಎಷ್ಟೋ ಕುಟುಂಬ ಫ್ರೆಂಚ್ ಪೌರತ್ವ ಇಟ್ಕೊಂಡ್ವು, ಮಕ್ಕಳು ಮೊಮ್ಮಕ್ಕಳು ಅಲ್ಲೇ ನಿಂತ್ರು, ಮನೆ ಇಲ್ಲಿ ಬೀಗ ಹಾಕ್ಕೊಂಡು ಕೂತಿತು. ಮೂಲ ಪತ್ರ ಫ್ರೆಂಚ್‌ನಲ್ಲಿ, ನೋಟೇರ್ ಅಂದ್ರೆ ಫ್ರೆಂಚ್ ನೋಟರಿ ಮುಂದೆ ಆಗಿದ್ದು, ಚೆಂದ ಕೈಬರಹ, ಒಂದಕ್ಷರ ಅರ್ಥ ಆಗಲ್ಲ. ಫ್ರೆಂಚ್ ಓದೋಕೆ ಬರೋ ಲೋಕಲ್ ಲಾಯರ್ ಹಿಡಿದು ಅನುವಾದ ಮಾಡ್ಸಿದ್ವಿ. ಮೂರು ಮಕ್ಕಳ ಪವರ್ ಆಫ್ ಅಟಾರ್ನಿ ಅಲ್ಲಿ ಭಾರತದ ರಾಯಭಾರ ಕಚೇರೀಲಿ ಅಟೆಸ್ಟ್ ಆಗಿ, ಇಲ್ಲಿ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಆಗ್ಬೇಕು. ಒಬ್ಬ ಮಗನ ಪತ್ರ ತಡ ಆಗಿ ಮತ್ತೆ ಮೊದಲಿಂದ ಶುರು. ಒಟ್ಟು ಏಳು ತಿಂಗಳು ಬರೀ ಪೇಪರ್ ಕೆಲಸ. ಯಾರಾದ್ರೂ ಬ್ರೋಕರ್ ಬಂದು "ಸಾರ್ ಎಲ್ಲ ಕ್ಲಿಯರ್ ಇದೆ, ನಾಳೆ ಅಡ್ವಾನ್ಸ್ ಕೊಡಿ" ಅಂದ್ರೆ ಅಲ್ಲಿಂದ ಎದ್ದು ಬನ್ನಿ, ಒಬ್ಬ ವಾರಸುದಾರ ಸೈನ್ ಮಾಡಿಲ್ಲ ಅಂದ್ರೂ ಮುಂದೆ ನೀವು ಹಾಕಿದ ಒಂದೊಂದು ರೂಪಾಯಿಗೂ ತಗಾದೆ ಬರುತ್ತೆ.

ಎರಡನೇದು ಸಾಲ. ನಾನು ಹೋದ ಬ್ಯಾಂಕಲ್ಲಿ ಮ್ಯಾನೇಜರು ಫೋಟೋ ನೋಡಿ, "ಸಾರ್ ಪಿಲ್ಲರ್ ಎಲ್ಲಿ, ಆರ್‌ಸಿಸಿ ಇಲ್ವಾ" ಅಂತ ಕೇಳಿ ಫೈಲ್ ವಾಪಸ್ ಕೊಟ್ರು. ಒಡೆದು ಕಟ್ತೀವಿ ಅಂದ್ರೆ ಸಾಲ ಸಿಗುತ್ತೆ, ಉಳಿಸ್ತೀವಿ ಅಂದ್ರೆ ಸಿಗಲ್ಲ. ಇದು ನನಗೆ ಇವತ್ತಿಗೂ ಸಂಕಟ ಆಗೋ ವಿಷಯ, ಪಕ್ಕದ ಮನೆಯವರಿಗೂ ಇದೇ ಆಗಿದ್ದು, ಅದಕ್ಕೇ ನಾನು ಅವರ ಮೇಲೆ ಕೋಪ ಮಾಡ್ಕೊಳ್ಳೋಕಾಗ್ಲಿಲ್ಲ. ನಾವು ಸೇವಿಂಗ್ಸು, ಅಕ್ಕನ ಪಿಎಫ್, ಭಾವ ಮಾರಿದ ಒಂದು ಸೈಟು, ಇದರಲ್ಲೇ ಮಾಡಿದ್ವಿ.

ಮೂರನೇದು ಎಸ್ಟಿಮೇಟು. ನಾವು ಅಂದ್ಕೊಂಡಿದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಆಯ್ತು, ಅದಕ್ಕೆ ಕಾರಣ ತೊಲೆ ತುದಿಗಳು. ತೇಗದ ತೊಲೆ, ಹೊರಗಡೆ ನೋಡೋಕೆ ಕಬ್ಬಿಣದ ಹಾಗಿತ್ತು, ಬಡಿದು ನೋಡಿದ್ರೂ ಗಟ್ಟಿ ಶಬ್ದ. ಆದ್ರೆ ಗೋಡೆ ಒಳಗೆ ಹೋಗಿ ಕೂತಿರೋ ಆ ಒಂದು ಅಡಿ ಇದ್ಯಲ್ಲ, ಅಲ್ಲಿ ಗೋಡೆ ತೇವ ಹೀರಿ ಹೀರಿ ಒಳಗಿಂದ ಪುಡಿ ಆಗಿತ್ತು, ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಿಡಿ ತನಕ ಒಳಗೆ ಹೋಯ್ತು, ಆಚೆ ತೆಗೆದ್ರೆ ಕಾಫಿ ಪುಡಿ ಥರ ಉದುರ್ತು. ಹದಿನಾಲ್ಕು ತೊಲೇಲಿ ಒಂಬತ್ತರ ತುದಿ ಹೀಗಿತ್ತು. ತೊಲೆ ಪೂರ್ತಿ ಬದಲಾಯಿಸ್ಲಿಲ್ಲ, ಕೊಳೆತ ತುದಿ ಕುಯ್ದು ಹಳೇ ಮನೆ ಒಡೆದ ಕಡೆಯಿಂದ ತಂದ ತೇಗದ ತುಂಡನ್ನ ಜೋಡಿಸಿ ಬೋಲ್ಟ್ ಹಾಕಿದ್ರು.

ಆ ತೇವ ಎಲ್ಲಿಂದ ಬಂತು? ಹಿಂದೆ ಯಾವಾಗ್ಲೋ ಯಾರೋ ಒಬ್ಬ ಕಂಟ್ರಾಕ್ಟರ್ ಅಜ್ಜಿಗೆ "ಗೋಡೆ ಉದುರ್ತಿದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಬಿಟ್ರೆ ಗಟ್ಟಿ" ಅಂತ ಹೇಳಿ ಆಳೆತ್ತರಕ್ಕೆ ಸಿಮೆಂಟ್ ಬಳಿದು ಹೋಗಿದಾನೆ. ಸುಣ್ಣದ ಗೋಡೆ ನೆಲದಿಂದ ನೀರು ಎಳ್ಕೊಳ್ಳುತ್ತೆ, ಎಳ್ಕೊಂಡಿದ್ದನ್ನ ಗಾಳಿಗೆ ಬಿಡುತ್ತೆ, ಹಾಗೇ ಉಸಿರಾಡ್ಕೊಂಡು ನೂರು ವರ್ಷ ನಿಲ್ಲುತ್ತೆ. ಸಿಮೆಂಟ್ ಹಾಕಿದ್ರೆ ನೀರು ಹೊರಗೆ ಬರೋಕೆ ದಾರಿ ಇಲ್ಲ, ಮೇಲಕ್ಕೆ ಹತ್ತುತ್ತೆ, ಜೊತೆಗೆ ಉಪ್ಪು, ಸಮುದ್ರದ ಊರು ಬೇರೆ. ನಾವು ಆ ಸಿಮೆಂಟ್ ಕೆತ್ತಿ ತೆಗೆದ ದಿನ ಒಳಗಿನ ಇಟ್ಟಿಗೆ ಒದ್ದೆ ಬಿಸ್ಕತ್ ಥರ ಇತ್ತು. ಹಾಗೇ ಬಿಟ್ಟು ಒಂದು ಬೇಸಿಗೆ ಪೂರ್ತಿ ಒಣಗಿಸಿದ್ವಿ. ನಾಲ್ಕು ತಿಂಗಳು ಕೆಲಸ ನಿಂತಿತ್ತು, ಬಾಡಿಗೆ ಮಾತ್ರ ಹೋಗ್ತಾ ಇತ್ತು, ಭಾವ ಒಂದಿನ ಕೇಳೇಬಿಟ್ರು, "ಗೋಡೆ ಒಣಗೋದನ್ನ ಕಾಯ್ತಾ ಎಷ್ಟು ದಿನ ಕೂರೋದು" ಅಂತ. ಕೂತ್ವಿ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಬಂದಾಗ ಪಾಂಡೀಲಿ 24 ಗಂಟೆಯಲ್ಲಿ 40 ಸೆಂಟಿಮೀಟರ್‌ಗೂ ಜಾಸ್ತಿ ಮಳೆ ಆಯ್ತು, ಬೀದಿ ಬೀದಿ ನೀರು. ಮನೆ ಮಧ್ಯದ ನಮ್ಮ ತೊಟ್ಟಿ ಅಂಗಳ ತುಂಬಿ ನೀರು ಮೆಟ್ಟಿಲ ತನಕ ನಿಂತಿತ್ತು, ಹೊಸ ಸೂರಲ್ಲಿ ಒಂದು ಹನಿ ಸೋರ್ಲಿಲ್ಲ, ಗೋಡೆ ತೇವ ಆಗಿ ಮೂರು ವಾರಕ್ಕೆ ತಾನೇ ಒಣಗಿತು.

ಸೂರು ಬಿಟ್ಟುಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಆ ಊರಲ್ಲೇ ದೊಡ್ಡ ಉದಾಹರಣೆ ಇದೆ. ಬೀಚ್ ರೋಡಲ್ಲಿರೋ ಮೇರಿ ಕಟ್ಟಡ, ಅಂದ್ರೆ ಫ್ರೆಂಚರ ಕಾಲದ ಪುರಸಭೆ, 19ನೇ ಶತಮಾನದ್ದು, ರಿಪೇರಿ ಮಾಡ್ಬೇಕು ಮಾಡ್ಬೇಕು ಅಂತಾನೇ ಇದ್ರು, 2014ರ ನವೆಂಬರ್ ಮಳೇಲಿ ಕುಸಿದು ಬಿದ್ದೋಯ್ತು. ಆಮೇಲೆ ವಿಶ್ವಬ್ಯಾಂಕ್ ಸಾಲದಲ್ಲಿ ಸುಮಾರು 15 ಕೋಟಿ ಖರ್ಚು ಮಾಡಿ ಅದೇ ಥರ ಕಾಣೋ ಹೊಸ ಕಟ್ಟಡ ಕಟ್ಟಿದ್ರು, 2021ರಲ್ಲಿ ಉದ್ಘಾಟನೆ ಆಯ್ತು. ಚೆನ್ನಾಗಿದೆ, ನಾನು ಹೋಗಿ ನೋಡಿದೀನಿ, ಕಟ್ಟಿದವರ ಶ್ರಮಕ್ಕೆ ನಮಸ್ಕಾರ. ಆದ್ರೂ ಹಳೇದು ನೋಡಿದ್ದವರ ಮುಖದಲ್ಲಿ ಒಂದು ಕೊರತೆ ಕಾಣುತ್ತೆ, ಅದನ್ನ ದುಡ್ಡಲ್ಲಿ ತುಂಬೋಕಾಗಲ್ಲ.

ಇನ್ನೊಂದು ಉದಾಹರಣೆ ಖುಷಿದು. ವೈಶ್ಯಾಳ್ ಬೀದಿ. 2002ರಿಂದ 2004ರ ತನಕ ಯುರೋಪಿಯನ್ ಯೂನಿಯನ್ನಿನ ಏಷ್ಯಾ ಅರ್ಬ್ಸ್ ಅನ್ನೋ ಕಾರ್ಯಕ್ರಮದಲ್ಲಿ, ಇಟಲಿಯ ಉರ್ಬಿನೋ ಮತ್ತೆ ಫ್ರಾನ್ಸಿನ ಒಂದು ಊರಿನ ಜೊತೆ ಸೇರ್ಕೊಂಡು, ಹಳೇ ಕಟ್ಟಡ ಉಳಿಸೋ ಕೆಲಸ ಮಾಡೋ ಇಂಟ್ಯಾಕ್ ಸಂಸ್ಥೆಯವರು ಆ ಬೀದಿಯ ಸಾಲು ಮನೆಗಳ ಮುಂಭಾಗ ಸರಿ ಮಾಡಿದ್ರು, ಮನೆಯವರೂ ತಮ್ಮ ಪಾಲು ಹಾಕಿದ್ರು. ಒಂದು ಮನೆ ಅಲ್ಲ, ಬೀದಿ. ಜಗಲಿ, ಅದರ ಮುಂದೆ ಫುಟ್‌ಪಾತ್ ಮೇಲೆ ಚಾಚಿರೋ ಹೆಂಚಿನ ಮಾಡು, ಒಂದರ ಪಕ್ಕ ಒಂದು. 2008ರಲ್ಲಿ ಯುನೆಸ್ಕೋ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು ಅದಕ್ಕೆ. ಮಧ್ಯಾಹ್ನ ಬಿಸಿಲಲ್ಲಿ ಆ ಬೀದೀಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೆರಳಲ್ಲೇ ನಡೀಬಹುದು. ನಾನು ಮೊದಲನೇ ಸಲ ನಡೆದಾಗ ಅರ್ಥ ಆಗಿದ್ದು ಇದು, ಈ ಮನೆಗಳನ್ನ ಒಂಟಿಯಾಗಿ ಉಳಿಸೋಕಾಗಲ್ಲ. ಒಬ್ಬರ ಮಾಡು ಪಕ್ಕದವರ ನೆರಳು, ಒಬ್ಬರ ಗೋಡೆ ಪಕ್ಕದವರ ತೊಲೆಗೆ ಆಸರೆ, ಒಬ್ಬರು ಆಳ ಪಾಯ ತೋಡಿದ್ರೆ ಪಕ್ಕದವರ ಗೋಡೆ ಬಿರುಕು ಬಿಡುತ್ತೆ. ಹಾಗಾಗಿ ನನ್ನ ಹತ್ರ ಕೇಳೋರಿಗೆ ನಾನು ಹೇಳೋದು, ಮನೆ ನೋಡೋಕೆ ಹೋದಾಗ ಆ ಮನೆ ಒಳಗೆ ಹತ್ತು ನಿಮಿಷ ಇರಿ, ಅಕ್ಕಪಕ್ಕದ ಮನೆಯವರ ಜಗಲಿ ಮೇಲೆ ಒಂದು ಗಂಟೆ ಕೂತ್ಕೊಳ್ಳಿ. ಅವರಿಗೆ ವಯಸ್ಸೆಷ್ಟು, ಮಕ್ಕಳು ಎಲ್ಲಿದಾರೆ, ಸೂರು ಸೋರ್ತಿದ್ಯಾ, ಮಾರೋ ಯೋಚನೆ ಇದ್ಯಾ. ನಿಮ್ಮ ಬಂಡವಾಳ ಅಲ್ಲಿದೆ.

ನಾನು ಅದನ್ನ ಮಾಡ್ಲಿಲ್ಲ. ಪಕ್ಕದ ತಾತನ ಜೊತೆ ಎರಡು ವರ್ಷ ನಮಸ್ಕಾರ ಹೇಳ್ಕೊಂಡು ಓಡಾಡಿದೆ, ಅವರ ಹಿಂದಿನ ರೂಮಿನ ಸೂರು ಬಿದ್ದಿದೆ ಅಂತ ಅವರು ತೀರ್ಕೊಂಡ ಮೇಲೆ ಗೊತ್ತಾಯ್ತು. ನಮ್ಮ ಮೇಸ್ತ್ರಿ ಅಲ್ಲೇ ಇದ್ರು, ಸುಣ್ಣ ಅಲ್ಲೇ ಇತ್ತು, ನಾಲ್ಕು ಜಂತೆ ಕೆಲಸ ಅದು. ಕೇಳಿದ್ರೆ ಆಗ್ತಿತ್ತು. ಇದು ನನ್ನ ಎದೇಲಿ ಇದೆ.

ಲಾಭ ಎಷ್ಟು ಅಂತ ಕೇಳ್ತೀರ. ಐದು ರೂಮಿದೆ, ಶುಕ್ರವಾರ ಶನಿವಾರ ತುಂಬುತ್ತೆ, ಬೆಂಗಳೂರು ಚೆನ್ನೈ ಜನ, ಡಿಸೆಂಬರ್ ಜನವರಿ ಪೂರ್ತಿ, ಮೇ ಜೂನ್ ಖಾಲಿ. ಖರ್ಚು ಕಳೆದು ಎಫ್‌ಡಿಯಷ್ಟು ಬರ್ತಿದೆ, ಅದಕ್ಕಿಂತ ಜಾಸ್ತಿ ಇಲ್ಲ. ಅದೇ ಜಾಗದಲ್ಲಿ ಮೂರು ಫ್ಲೋರ್ ಎತ್ತಿ ಹನ್ನೆರಡು ರೂಮ್ ಮಾಡಿದ್ರೆ ಎರಡು ಪಟ್ಟು ಬರುತ್ತೆ ಅನ್ನೋದು ನಿಜ. ಆದ್ರೆ ಜನ ಬರೋದೇ ತೊಟ್ಟಿ ಪಕ್ಕ ಕೂತು ಮಳೆ ನೋಡೋಕೆ. ತೊಟ್ಟಿ ಸುತ್ತ ಇಳಿಜಾರಿಗೆ ಮಂಗಳೂರು ಹೆಂಚು ಇದೆ, ಕ್ಲೀನ್ ಮಾಡುವಾಗ ಹಿಂದೆ ತಿರುಗಿಸಿದ್ರೆ ಮಂಗಳೂರಿನ ಫ್ಯಾಕ್ಟರಿ ಮುದ್ರೆ, ಒಂದು ನೂರರಲ್ಲಿ ಎಂಬತ್ತು ಹೆಂಚು ತೊಳೆದು ವಾಪಸ್ ಹಾಕಿದೀವಿ.

ಒಂದು ವಿಷಯದಲ್ಲಿ ನಾವು ನಾಲ್ಕೂ ಜನ ಹಠ ಹಿಡಿದ್ವಿ, ಜಗಲಿಗೆ ಗ್ರಿಲ್ ಹಾಕಲ್ಲ ಅಂತ. ಗೆಸ್ಟುಗಳಿಗೆ ಪ್ರೈವಸಿ ಬೇಕು, ಹಾಕಿ ಹಾಕಿ ಅಂತ ಎಲ್ಲರೂ ಹೇಳಿದ್ರು. ಅಜ್ಜಿ ಈಗ ಎರಡು ಬೀದಿ ಆಚೆ ತಂಗಿ ಮನೇಲಿದಾರೆ, ಸಾಯಂಕಾಲ ಐದಕ್ಕೆ ಬಂದು ತಮ್ಮ ಜಗಲಿ ಮೇಲೆ ಕೂರ್ತಾರೆ, ಹೂವಿನವಳು, ಮೀನಿನವಳು, ಸ್ಕೂಲ್ ಬಿಟ್ಟ ಮಕ್ಕಳು ಎಲ್ಲ ಅಲ್ಲೇ ನಿಲ್ತಾರೆ. ಲೀಸ್ ಪತ್ರದಲ್ಲೇ ಅದನ್ನ ಬರೆಸಿದ್ವಿ, ಜಗಲಿ ಬೀದಿಗೆ ತೆರೆದೇ ಇರ್ಬೇಕು ಅಂತ. ಲಾಯರ್ ಎರಡು ಸಲ ಕೇಳಿದ್ರು, ಇದು ಒಂದು ಷರತ್ತಾಗಿ ಬೇಕಾ ಅಂತ. ಬೇಕು ಸಾರ್ ಅಂದ್ಲು ಅಕ್ಕ.

ಭಾನುವಾರಕ್ಕೆ ವಾಪಸ್ ಬರ್ತೀನಿ. ಸಾಯಂಕಾಲ ಪಕ್ಕದ ತಾತನ ಮೊಮ್ಮಗ ಬಂದ, ಚೆನ್ನೈಯಲ್ಲಿ ಕೆಲಸ ಮಾಡೋ ಹುಡುಗ, ಮೂವತ್ತೂ ಆಗಿಲ್ಲ. ಬಿರುಕು ತೋರಿಸಿದೆ. ಮುಖ ಸಣ್ಣದಾಯ್ತು, "ಅಣ್ಣಾ, ನಾವು ಉಳಿಸ್ಬೇಕು ಅಂತಾನೇ ಇದ್ವಿ, ಸಾಲ ಕೊಡ್ಲಿಲ್ಲ" ಅಂದ. ಗೊತ್ತಪ್ಪ ಅಂದೆ. ಪಾಯ ತೋಡೋಕೆ ಮುಂಚೆ ಗೋಡೆಗೆ ಆಸರೆ ಕೊಡೋದು, ಗೋಡೆ ಬುಡದಲ್ಲಿ ಒಂದೇ ಸಲ ಉದ್ದಕ್ಕೂ ತೋಡದೆ ನಾಲ್ಕು ನಾಲ್ಕು ಅಡಿ ಬಿಟ್ಟು ಬಿಟ್ಟು ತೋಡೋದು, ಈ ಕಡೆ ಮೈಗೆ ಸಿಮೆಂಟ್ ಬಳಿಯದೆ ಸುಣ್ಣನೇ ಬಳಿಯೋದು, ಖರ್ಚು ಅರ್ಧ ಅರ್ಧ, ಇಷ್ಟಕ್ಕೆಲ್ಲ ಒಪ್ಪಿದ. ಮೇಸ್ತ್ರಿ ಅಲ್ಲೇ ಲೆಕ್ಕ ಹಾಕಿದ್ರು.

ಅಜ್ಜಿ ಜಗಲಿ ಮೇಲೆ ಕೂತು ಎಲ್ಲ ಕೇಳಿಸ್ಕೊಳ್ತಾ ಇದ್ರು. ಹುಡುಗನ್ನ ಕರೆದು, "ಕಣ್ಣಾ, ನಿಮ್ಮ ತಾತ ಕೂರೋ ಜಾಗ ಇರುತ್ತಾ ಹೊಸ ಮನೇಲಿ" ಅಂತ ಕೇಳಿದ್ರು. ಅವನು ಸ್ವಲ್ಪ ಹೊತ್ತು ನಿಂತ. ಪ್ಲಾನಲ್ಲಿ ಕಾರ್ ಪಾರ್ಕಿಂಗ್ ಹಾಕಿದಾರಂತೆ. ಆಮೇಲೆ ಹೋಗಿ ತನ್ನ ಬ್ಯಾಗಿಂದ ಟೇಪ್ ತಂದು ನಮ್ಮ ಜಗಲಿ ಎತ್ತರ ಅಳೆದ, ಅಗಲ ಅಳೀಬೇಕಾದ್ರೆ ಇನ್ನೊಂದು ತುದಿ ಹಿಡ್ಕೊಳ್ಳಿ ಅಂದ, ಹಿಡ್ಕೊಂಡೆ. ಎರಡು ಅಡಿ ನಾಲ್ಕು ಇಂಚು. ಫೋನಲ್ಲಿ ಬರ್ಕೊಂಡು, ಇಂಜಿನಿಯರ್ ಹತ್ರ ಕೇಳ್ತೀನಿ ಅಂತ ಹೇಳಿ ಹೋದ.

ಇವತ್ತು ಬುಧವಾರ, ಬೆಳಗ್ಗೆ ಮೇಸ್ತ್ರಿ ಫೋಟೋ ಕಳಿಸಿದಾರೆ. ಮೂರು ಗಾಜೂ ಹಾಗೇ ಇವೆ.